ಬಿಸಿ ಪಾಕ ಸುರಿದರೆ ಹಸಿ ಮೊಟ್ಟೆ ಬೇಯುತ್ತದೆಯೇ? ಸರ್ಬಿಯಾದ ಪದರ ಪದರದ ‘ವಾಸಿನಾ ಟೋರ್ಟಾ’ ಮನೆಯಲ್ಲಿ ಮಾಡುವ ಮುನ್ನ

ಈಗ ಸುದ್ದಿ ಮಾತ್ರವಲ್ಲ, ಅಡುಗೆಯೂ ಫಾರ್ವರ್ಡ್ ಆಗಿಯೇ ಬರುತ್ತದೆ. ಅರ್ಧ ನಿಮಿಷದ ವಿಡಿಯೋ, ಹಿನ್ನೆಲೆಯಲ್ಲಿ ಒಂದು ಹಾಡು, ಕೆಳಗೆ ನಾಲ್ಕು ಸಾಲು. ವಿದೇಶದ ಕೇಕುಗಳ ವಿಡಿಯೋ ಆದರೆ ಆ ನಾಲ್ಕು ಸಾಲುಗಳಲ್ಲಿ ಒಂದೆರಡು ‘ಆರೋಗ್ಯದ ಮಾತು’ ಇದ್ದೇ ಇರುತ್ತವೆ. ಮೈದಾ ಇಲ್ಲ, ಹಾಗಾಗಿ ಶುಗರ್ ಇರುವವರೂ ತಿನ್ನಬಹುದು. ಅಕ್ರೋಟು ಮೆದುಳಿನ ಆಕಾರದಲ್ಲಿದೆ, ಹಾಗಾಗಿ ಬುದ್ಧಿಗೆ ಒಳ್ಳೆಯದು. ಮೊಟ್ಟೆ ಹಸಿಯಾಗಿದ್ದರೂ ಚಿಂತೆ ಬೇಡ, ಮೇಲೆ ಕುದಿಯುವ ಪಾಕ ಸುರಿಯುತ್ತೇವಲ್ಲ, ಬೆಂದೇ ಬಿಡುತ್ತದೆ.

ಈ ಮೂರೂ ಮಾತುಗಳನ್ನು ಒಟ್ಟಿಗೆ ಪರೀಕ್ಷಿಸಲು ಹೇಳಿ ಮಾಡಿಸಿದಂಥ ಒಂದು ಸಿಹಿ ಇದೆ. ಸರ್ಬಿಯಾ ದೇಶದ ವಾಸಿನಾ ಟೋರ್ಟಾ. ಅಡಿಯಲ್ಲಿ ಅಕ್ರೋಟಿನ ಕೇಕ್, ನಡುವೆ ಕಿತ್ತಳೆ ಮತ್ತು ಚಾಕೊಲೇಟ್ ಬೆರೆತ ದಪ್ಪ ಹೂರಣ, ಮೇಲೆ ಮೊಟ್ಟೆಯ ಬಿಳಿ ಭಾಗದಿಂದ ಮಾಡಿದ ಹಿಮದಂಥ ನೊರೆ. ಮೈದಾ ನಿಜವಾಗಿಯೂ ಒಂದೇ ಚಮಚ. ಅಕ್ರೋಟು ಕಾಲು ಕಿಲೋಗಿಂತ ಹೆಚ್ಚು. ಮೊಟ್ಟೆ ಒಂಬತ್ತು. ಆ ಮೂರು ಮಾತುಗಳಲ್ಲಿ ಎರಡು ತಪ್ಪಾದರೆ ದುಡ್ಡು ಹೋದೀತು, ಇಲ್ಲವೇ ಶುಗರ್ ಏರೀತು. ಮೊಟ್ಟೆಯ ಮಾತು ತಪ್ಪಾದರೆ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿಯಬಹುದು. ಆದ್ದರಿಂದ ನಾವು ಹೆಚ್ಚು ಹೊತ್ತು ನಿಲ್ಲುವುದು ಮೊಟ್ಟೆಯ ಹತ್ತಿರವೇ.

ವಾಸಾ ಯಾರು?

ಬೆಲ್‌ಗ್ರೇಡ್‌ನಿಂದ ದಕ್ಷಿಣಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಪಾರಾಚಿನ್ ಎಂಬ ಊರು ಸಿಗುತ್ತದೆ. ಗಾಜಿನ ಕಾರ್ಖಾನೆಗೆ ಹೆಸರಾದ ಊರು. ಅಲ್ಲಿ ಹೇಳುವ ಕಥೆ ಹೀಗಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಾಸಾ ಎಂಬಾತನ ಹೆಂಡತಿ ಗರ್ಭಿಣಿಯಾಗಿದ್ದಾಗ ಜೀವಕ್ಕೇ ಅಪಾಯ ಬಂತು. ಆತ ಆಕೆಯನ್ನು ವಿಯೆನ್ನಾಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿ ಉಳಿಸಿಕೊಂಡ. ಮಗಳನ್ನು ಬದುಕಿಸಿದ ಅಳಿಯನಿಗೆ ಅತ್ತೆ ಏನು ಕೊಟ್ಟಾಳು? ಆಗ ಆ ಸೀಮೆಯಲ್ಲಿ ಕಿತ್ತಳೆ ಅಪರೂಪದ, ದುಬಾರಿ ಹಣ್ಣು. ಅದನ್ನು ಹೇಗೋ ತರಿಸಿ, ಹಿತ್ತಲಲ್ಲಿ ಧಾರಾಳವಾಗಿ ಸಿಗುವ ಅಕ್ರೋಟಿನ ಜೊತೆ ಸೇರಿಸಿ ಈ ಸಿಹಿ ಮಾಡಿದಳು. ‘ವಾಸಿನಾ ಟೋರ್ಟಾ’ ಎಂದರೆ ಬೇರೇನಲ್ಲ, ವಾಸಾನ ಕೇಕ್ ಎಂದೇ ಅರ್ಥ.

ಕಥೆಯನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ತಿಂಡಿಯ ಹಿಂದಿನ ಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಬೆಳೆಯುತ್ತವೆ ಎಂಬುದು ಮೈಸೂರು ಪಾಕಿನ ಕಥೆ ಕೇಳಿದ ನಮಗೆ ಹೊಸದಲ್ಲ. ಆದರೆ ಕಥೆಯಲ್ಲಿ ವಿಯೆನ್ನಾ ಬಂದಿರುವುದರಲ್ಲಿ ಒಂದು ಸ್ವಾರಸ್ಯವಿದೆ. ಸರ್ಬಿಯಾದ ಸಿಹಿಗಳಲ್ಲಿ ಎರಡು ದೊಡ್ಡ ಕುಲಗಳಿವೆ. ಒಟ್ಟೋಮನ್ ತುರ್ಕರ ಆಳ್ವಿಕೆಯಿಂದ ಬಂದದ್ದು ಬಕ್ಲಾವಾ, ತುಲುಂಬಾದಂಥ ಪಾಕದಲ್ಲಿ ನೆನೆದ ಸಿಹಿಗಳು. ಇನ್ನೊಂದು ಆಸ್ಟ್ರಿಯಾ-ಹಂಗೇರಿಯ ಕಡೆಯಿಂದ ಬಂದ ಪದರದ ಕೇಕುಗಳು. ಇಂದಿನ ಸರ್ಬಿಯಾದ ಉತ್ತರ ಭಾಗವಾದ ವೊಯ್ವೊದಿನಾ 1918ರವರೆಗೂ ಆ ಸಾಮ್ರಾಜ್ಯದಲ್ಲಿಯೇ ಇತ್ತು. ‘ಟೋರ್ಟಾ’ ಎಂಬ ಪದಕ್ಕೆ ವಿಯೆನ್ನಾದ ‘ಟೋರ್ಟೆ’ ನೆಂಟ. ಕಡೆದ ಬಿಳಿ ನೊರೆಗೆ ಸರ್ಬಿಯನ್ನರು ‘ಶ್ನೆ’ ಎನ್ನುತ್ತಾರೆ. ಅದು ಜರ್ಮನ್ ಭಾಷೆಯಲ್ಲಿ ಹಿಮಕ್ಕಿರುವ ಪದದಿಂದ ಬಂದದ್ದು.

ಈ ಕೇಕ್ ಹುಟ್ಟುಹಬ್ಬಕ್ಕೆ, ಮದುವೆಗೆ, ಮನೆತನದ ಸಂತನ ದಿನವಾದ ‘ಸ್ಲಾವಾ’ಕ್ಕೆ ಮೇಜಿಗೆ ಬರುತ್ತದೆ. ಸ್ಲಾವಾ ಆಚರಣೆ 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಅಂದಹಾಗೆ ಸರ್ಬಿಯಾದ ಮನೆಗೆ ಹೋದರೆ ಮೊದಲು ಕೊಡುವುದು ಒಂದು ಚಮಚ ಹಣ್ಣಿನ ಸಿಹಿ ಮತ್ತು ಒಂದು ಲೋಟ ನೀರು. ಬಂದವರಿಗೆ ಬೆಲ್ಲ-ನೀರು ಕೊಡುವ ನಮ್ಮ ಹಳ್ಳಿಗಳ ರೂಢಿ ನೆನಪಾಗದೆ ಇರದು.

ಮೊದಲು ಮೊಟ್ಟೆಯ ವಿಚಾರ

ಕಥೆಯ ನಾಯಕಿ ಸಾವಿನ ಬಾಯಿಂದ ಪಾರಾದ ಗರ್ಭಿಣಿ. ಇಂದು ವೈದ್ಯರು ಹಸಿ ಮೊಟ್ಟೆಯಿಂದ ದೂರವಿರಿ ಎಂದು ಹೇಳುವುದು ಮೊದಲು ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ನಿತ್ರಾಣರಾದವರಿಗೆ. ಹುಟ್ಟುಹಬ್ಬದ ಕೇಕಿನ ಸುತ್ತ ನಿಲ್ಲುವವರೂ ಹೆಚ್ಚಾಗಿ ಇವರೇ.

ಕಾರಣ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಇದು ಚಿಪ್ಪಿನ ಹೊರಗೆ ಅಂಟಿದ ಕೋಳಿ ಹಿಕ್ಕೆಯಲ್ಲಿ ಇರಬಹುದು. ಅಷ್ಟೇ ಆಗಿದ್ದರೆ ತೊಳೆದರೆ ಮುಗಿಯಿತು ಎನ್ನಬಹುದಿತ್ತು. ಆದರೆ ಇದರ ಒಂದು ಬಗೆ ಕೋಳಿಯ ಅಂಡಾಶಯದಲ್ಲಿಯೇ ನೆಲೆಸಿ, ಚಿಪ್ಪು ಕಟ್ಟುವ ಮುಂಚೆಯೇ ಮೊಟ್ಟೆಯ ಒಳಗೆ ಸೇರಿಕೊಳ್ಳುತ್ತದೆ. ಅಂಥ ಮೊಟ್ಟೆ ನೋಡಲು, ಮೂಸಲು ಎಲ್ಲ ಮೊಟ್ಟೆಗಳಂತೆಯೇ ಇರುತ್ತದೆ. ಎಲ್ಲ ಮೊಟ್ಟೆಯಲ್ಲೂ ಇದು ಇರುವುದಿಲ್ಲ, ಇರುವುದು ಕೆಲವೇ ಕೆಲವರಲ್ಲಿ. ಆದರೆ ಒಂಬತ್ತು ಮೊಟ್ಟೆ ಒಂದೇ ಬೋಗುಣಿಗೆ ಒಡೆದಾಗ, ಒಂದರಲ್ಲಿ ಇದ್ದದ್ದು ಹದಿನಾರು ತುಂಡುಗಳಿಗೂ ಹಂಚಿಹೋಗುತ್ತದೆ. ತಿಂದ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಜ್ವರ, ಹೊಟ್ಟೆನೋವು, ಭೇದಿ. ಗಟ್ಟಿಮುಟ್ಟಾದವರು ಒಂದು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಮಗುವಿಗೆ, ಅಜ್ಜನಿಗೆ ಆಸ್ಪತ್ರೆ ಬೇಕಾಗಬಹುದು.

ಇಲ್ಲಿ ಫಾರ್ವರ್ಡುಗಳು ಕೊಡುವ ಸಮಾಧಾನಗಳು ಒಂದೆರಡಲ್ಲ. ಮೊಟ್ಟೆ ನೀರಿನಲ್ಲಿ ಮುಳುಗಿದರೆ ಸುರಕ್ಷಿತ ಎಂಬುದು ಒಂದು. ಮೊಟ್ಟೆ ಹಳೆಯದಾದಂತೆ ಒಳಗಿನ ನೀರಿನಂಶ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಗಾಳಿಯ ಗುಳ್ಳೆ ದೊಡ್ಡದಾಗುತ್ತದೆ, ಆಗ ಅದು ತೇಲುತ್ತದೆ. ಈ ಪರೀಕ್ಷೆ ಹೇಳುವುದು ಮೊಟ್ಟೆಯ ವಯಸ್ಸನ್ನು ಮಾತ್ರ, ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದನ್ನಲ್ಲ. ನಾಟಿ ಕೋಳಿ ಮೊಟ್ಟೆ ಹಸಿಯಾಗಿ ತಿಂದರೂ ಏನೂ ಆಗದು ಎಂಬುದು ಇನ್ನೊಂದು. ನಾಟಿಯೋ ಫಾರ್ಮಿನದೋ, ಕಂದೋ ಬಿಳಿಯೋ, ಸಾಲ್ಮೊನೆಲ್ಲಾ ಇದನ್ನೆಲ್ಲ ನೋಡಿ ಬರುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಸಾಯುತ್ತದೆ ಎಂಬುದೂ ಸುಳ್ಳು. ತಂಪಿನಲ್ಲಿ ಅದರ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. ನಿಂಬೆರಸವೋ ಕಿತ್ತಳೆರಸವೋ ಮೊಟ್ಟೆಯನ್ನು ‘ಬೇಯಿಸುತ್ತದೆ’ ಎಂಬ ಮಾತನ್ನೂ ನಂಬಿ ಕೂರಬೇಡಿ.

ಸಾಯಿಸುವುದು ಬಿಸಿ. 71 ಡಿಗ್ರಿ ಸೆಲ್ಸಿಯಸ್ ತಲುಪಿದ ಮೊಟ್ಟೆಯ ತಿನಿಸು ಸುರಕ್ಷಿತ ಎಂಬುದು ಸಾಮಾನ್ಯ ಅಳತೆ. ಸಕ್ಕರೆ ಹೆಚ್ಚಿರುವ ಮಿಶ್ರಣದಲ್ಲಿ ಬ್ಯಾಕ್ಟೀರಿಯಾ ಬಿಸಿಯನ್ನು ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಅದಕ್ಕಾಗಿ ಸಿಹಿ ಮಾಡುವಾಗ ನಾವು 75 ಡಿಗ್ರಿಗೆ ಹೋಗುತ್ತೇವೆ.

ಹಾಗಾದರೆ ಕುದಿಯುವ ಪಾಕ?

ಈ ಮಾತಿನಲ್ಲಿ ಅರ್ಧ ಸತ್ಯ ಇರುವುದರಿಂದಲೇ ಅದು ಅಷ್ಟು ನಂಬಿಕೆ ಹುಟ್ಟಿಸುತ್ತದೆ. ವಾಸಿನಾ ಟೋರ್ಟಾದ ಮೇಲಿನ ನೊರೆಯನ್ನು ಅನೇಕರು ಮಾಡುವುದು ಹೀಗೆ: ಬಿಳಿ ಭಾಗವನ್ನು ಗಟ್ಟಿಯಾಗಿ ಕಡೆದು, ಸಕ್ಕರೆಯ ಬಿಸಿ ಪಾಕವನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ ಮತ್ತೆ ಕಡೆಯುವುದು. ಪಾಕದ ಹದ ನಮ್ಮ ಉಂಡೆ ಪಾಕ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬೆರಳಲ್ಲಿ ಮೆತ್ತನೆಯ ಉಂಡೆ ಆಗಬೇಕು. ಆ ಹದದಲ್ಲಿ ಪಾಕ ಸುಮಾರು 115ರಿಂದ 118 ಡಿಗ್ರಿ ಇರುತ್ತದೆ. 118 ಡಿಗ್ರಿ ಬಿದ್ದ ಮೇಲೆ 71 ಯಾವ ಲೆಕ್ಕ ಎಂದು ಅನಿಸುವುದು ಸಹಜ.

ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಮೊಟ್ಟೆಯ ಬಿಳಿ ಭಾಗ ಸುಮಾರು 120 ಗ್ರಾಂ. ಅದರಲ್ಲಿ ಬಹುಪಾಲು ನೀರು. 200 ಗ್ರಾಂ ಸಕ್ಕರೆಯ ಪಾಕ ಆ ಹದಕ್ಕೆ ಬಂದಾಗ ಸುಮಾರು 230 ಗ್ರಾಂ ತೂಗುತ್ತದೆ. ತೂಕದಲ್ಲಿ ಪಾಕವೇ ಹೆಚ್ಚು. ಆದರೆ ಒಂದು ಗ್ರಾಂ ಬಿಳಿ ಭಾಗವನ್ನು ಒಂದು ಡಿಗ್ರಿ ಬಿಸಿ ಮಾಡಲು, ಒಂದು ಗ್ರಾಂ ಗಟ್ಟಿ ಪಾಕಕ್ಕೆ ಬೇಕಾದ ಶಾಖದ ಸುಮಾರು ಎರಡರಷ್ಟು ಬೇಕು. ಹಾಗಾಗಿ 118 ಡಿಗ್ರಿಯ ಪಾಕವೂ 25 ಡಿಗ್ರಿಯ ಬಿಳಿ ಭಾಗವೂ ಬೆರೆತಾಗ ಕಾಗದದ ಮೇಲೆ ಬರುವ ಉತ್ತರ ಸುಮಾರು 70 ಡಿಗ್ರಿ, ಗಡಿಯ ಮೇಲೆಯೇ. ಅದೂ ಒಂದಿಷ್ಟೂ ಶಾಖ ಪೋಲಾಗದಿದ್ದರೆ. ನಿಜವಾದ ಅಡುಗೆಮನೆಯಲ್ಲಿ ಸ್ಟೀಲ್ ಬೋಗುಣಿ ಬಿಸಿ ಹೀರುತ್ತದೆ, ಬೀಟರಿನ ಕಡ್ಡಿಗಳು ಹೀರುತ್ತವೆ, ಕಡೆಯುವಾಗ ಗಾಳಿ ಸೇರಿ ಇನ್ನಷ್ಟು ತಣ್ಣಗಾಗುತ್ತದೆ, ಪಾಕದ ಒಂದು ಭಾಗ ಬೋಗುಣಿಯ ಅಂಚಿಗೆ ಅಂಟಿ ಅಲ್ಲೇ ಗಟ್ಟಿಯಾಗುತ್ತದೆ. ಮೊಟ್ಟೆ ಫ್ರಿಜ್‌ನಿಂದ ನೇರ ಬಂದಿದ್ದರೆ ಆರಂಭದ 25 ಡಿಗ್ರಿಯೂ ಇಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕೇಳುವುದೇ ಬೇಡ.

ಅಂದರೆ ಬಿಸಿ ಪಾಕ ನೊರೆಯನ್ನು ಗಟ್ಟಿ ಮಾಡುತ್ತದೆ, ಹೊಳಪು ಕೊಡುತ್ತದೆ, ಅಪಾಯವನ್ನು ಕಡಿಮೆಯೂ ಮಾಡುತ್ತದೆ. ಇಲ್ಲವಾಗಿಸುತ್ತದೆ ಎಂಬ ಖಾತರಿ ಮಾತ್ರ ಇಲ್ಲ.

ಖಾತರಿ ಇರುವ ದಾರಿಯೂ ಹೊಸದಲ್ಲ, ಸರ್ಬಿಯಾದ ಅಜ್ಜಿಯರ ಅಡುಗೆಮನೆಯಲ್ಲೇ ಇದೆ. ಅವರು ‘ನಾ ಪಾರಿ’ ಎನ್ನುತ್ತಾರೆ, ಅಂದರೆ ಹಬೆಯ ಮೇಲೆ. ಒಂದು ಡಬರಿಯಲ್ಲಿ ಎರಡು ಬೆರಳು ನೀರು ಕುದಿಸಿ, ಅದರ ಬಾಯಿಯ ಮೇಲೆ ಬೋಗುಣಿ ಕೂರಿಸಿ, ಬಿಳಿ ಭಾಗ ಮತ್ತು ಸಕ್ಕರೆಯನ್ನು ಒಟ್ಟಿಗೆ ಹಾಕಿ ತಿರುವುತ್ತಾ ಬಿಸಿ ಮಾಡುವುದು. ಬೋಗುಣಿಯ ತಳ ನೀರಿಗೆ ತಾಗಬಾರದು. ಸಕ್ಕರೆ ಇಲ್ಲದ ಬಿಳಿ ಭಾಗ ಅರವತ್ತರ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಆದರೆ ಇಷ್ಟು ಸಕ್ಕರೆ ಕರಗಿದ್ದರೆ ಪ್ರೋಟೀನ್ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದು ತಡವಾಗುತ್ತದೆ. ಹಾಗಾಗಿ 75 ಡಿಗ್ರಿ ದಾಟಿದರೂ ಮೊಟ್ಟೆ ಬುರ್ಜಿ ಆಗುವುದಿಲ್ಲ, ಕೈ ನಿಲ್ಲಿಸದಿದ್ದರೆ.

ಒಂದು ಮಾತು: ಇದಕ್ಕೆ ಅಡುಗೆಯ ಥರ್ಮಾಮೀಟರ್ ಬೇಕು. ಚುಚ್ಚುವ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ದೊಡ್ಡ ಬೆಲೆಯದಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ದಯವಿಟ್ಟು ಪಾತ್ರೆಗೆ ಹಾಕಬೇಡಿ. ಅದರ ಅಳತೆ ನಲವತ್ತೆರಡು ನಲವತ್ಮೂರಕ್ಕೆ ಮುಗಿಯುತ್ತದೆ. ಹಳೆಯ ಗಾಜಿನದಾದರೆ ಒಡೆದು ಪಾದರಸ ಸಿಹಿಗೆ ಬಿದ್ದೀತು. ಥರ್ಮಾಮೀಟರ್ ಇಲ್ಲದವರಿಗೆ ನಮ್ಮ ಸಲಹೆ, ಮೇಲಿನ ಪದರಕ್ಕೆ ಮೊಟ್ಟೆಯೇ ಬೇಡ. ಕಡೆದ ಕ್ರೀಮ್ ಹಚ್ಚಿ. ಇಂದು ಸರ್ಬಿಯಾದಲ್ಲೂ ಅನೇಕರು ಹಾಗೇ ಮಾಡುತ್ತಾರೆ.

ಮಾಡುವ ಬಗೆ

ಈ ಅಳತೆಗೆ 22 ಸೆಂಟಿಮೀಟರ್ ಅಗಲದ ಕೇಕ್ ಟಿನ್ ಸಾಕು, ಹದಿನಾರು ತುಂಡು ಬರುತ್ತದೆ. ಕೆಲಸ ಹಿಂದಿನ ದಿನವೇ ಮಾಡಿ. ಒಂದು ರಾತ್ರಿ ಫ್ರಿಜ್‌ನಲ್ಲಿ ಕೂತರೆ ರುಚಿ ಕೂಡಿಕೊಳ್ಳುತ್ತದೆ.

ಶುರು ಅಕ್ರೋಟಿನಿಂದ. ಒಟ್ಟು 350 ಗ್ರಾಂ ಬೇಕು, ಸಿಪ್ಪೆ ಒಡೆದ ಮೇಲಿನ ತೂಕ. ಕೊಳ್ಳುವಾಗ ಒಂದನ್ನು ಬಾಯಿಗೆ ಹಾಕಿ ನೋಡಿ. ಅಕ್ರೋಟಿನ ನೂರು ಗ್ರಾಂನಲ್ಲಿ ಸುಮಾರು 65 ಗ್ರಾಂ ಎಣ್ಣೆ. ಅದರಲ್ಲಿ ಹೆಚ್ಚಿನದು ಗಾಳಿ ಬೆಳಕು ತಾಗಿದರೆ ಬೇಗ ಕೆಡುವ ಬಗೆಯದು. ಹಳೆಯ ಬಣ್ಣದ ಡಬ್ಬಿಯಂಥ ವಾಸನೆ, ನಾಲಗೆಯ ಹಿಂಭಾಗದಲ್ಲಿ ಚುರುಗುಟ್ಟುವ ಕಹಿ ಬಂದರೆ ಅದು ಕಮಟು ಹಿಡಿದಿದೆ. ಎಷ್ಟು ಸಕ್ಕರೆ ಹಾಕಿದರೂ ಆ ವಾಸನೆ ಹೋಗದು. ಬೂಷ್ಟು ಕಂಡರೆ ಆ ಒಂದನ್ನು ಮಾತ್ರವಲ್ಲ, ಪೊಟ್ಟಣವನ್ನೇ ಎಸೆಯಿರಿ. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಒಲೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ.

ಸರ್ಬಿಯಾದ ಮನೆಗಳಲ್ಲಿ ಅಕ್ರೋಟು ಪುಡಿ ಮಾಡಲು ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರವಿರುತ್ತದೆ. ನಮ್ಮಲ್ಲಿ ಇರುವುದು ಮಿಕ್ಸಿ. ಮೊದಲ ಸಲ ನಾವು ಚಟ್ನಿಪುಡಿಗೆ ತಿರುಗಿಸುವ ಹಾಗೆ ತಿರುಗಿಸಿ, ಪುಡಿಯ ಬದಲು ಎಣ್ಣೆ ಬಿಟ್ಟ ಮುದ್ದೆ ತೆಗೆದೆವು. ಬ್ಲೇಡಿನ ಬಿಸಿಗೆ ಎಣ್ಣೆ ಹೊರಬಂದರೆ ಹೀಗಾಗುತ್ತದೆ. ಅಕ್ರೋಟನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು, ಅಳತೆಯ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ಒಂದೊಂದು ಹಿಡಿಯಷ್ಟೇ ಹಾಕಿ, ಎರಡು ಸೆಕೆಂಡ್ ಓಡಿಸಿ ನಿಲ್ಲಿಸಿ, ಮತ್ತೆ ಓಡಿಸಿ. ಬೊಂಬಾಯಿ ರವೆಯಷ್ಟು ತರಿ ಇದ್ದರೆ ಸರಿ.

ಅಡಿಯ ಕೇಕಿಗೆ ಐದು ಮೊಟ್ಟೆ ಒಡೆದು ಬಿಳಿ ಮತ್ತು ಹಳದಿ ಬೇರೆ ಮಾಡಿ. ಬಿಳಿ ಭಾಗಕ್ಕೆ ಹಳದಿಯ ಒಂದು ಹನಿ ಬಿದ್ದರೂ ನೊರೆ ಏಳಲು ತಿಣುಕುತ್ತದೆ. ಹಳದಿಯ ಕೊಬ್ಬು ಗಾಳಿ ಗುಳ್ಳೆಯ ಗೋಡೆ ಕಟ್ಟುವ ಪ್ರೋಟೀನಿನ ಜಾಗ ಹಿಡಿಯುತ್ತದೆ. ಎಣ್ಣೆ ಜಿಡ್ಡಿನ ಪ್ಲಾಸ್ಟಿಕ್ ಬೋಗುಣಿಯದೂ ಇದೇ ಕಥೆ. ಬಿಳಿ ಭಾಗವನ್ನು 80 ಗ್ರಾಂ ಸಕ್ಕರೆಯೊಡನೆ ಗಟ್ಟಿ ನೊರೆಯಾಗುವವರೆಗೆ ಕಡೆದು, ಹಳದಿಗಳನ್ನು ಒಂದೊಂದಾಗಿ ಬೆರೆಸಿ, 100 ಗ್ರಾಂ ಅಕ್ರೋಟು ಪುಡಿ ಮತ್ತು ಒಂದು ದೊಡ್ಡ ಚಮಚ ಮೈದಾವನ್ನು ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಡಚುವಂತೆ ಸೇರಿಸಿ. ಜೋರಾಗಿ ತಿರುವಿದರೆ ಅಕ್ರೋಟಿನ ಎಣ್ಣೆ ನೊರೆಯನ್ನು ಕೂರಿಸುತ್ತದೆ. ಇಲ್ಲಿ ಬೇಕಿಂಗ್ ಪೌಡರ್ ಇಲ್ಲ. ಉಬ್ಬಿಸುವುದು ನೊರೆಯೊಳಗಿನ ಗಾಳಿಯೇ. 180 ಡಿಗ್ರಿಯ ಓವನ್‌ನಲ್ಲಿ 20ರಿಂದ 25 ನಿಮಿಷ. ಓವನ್ ಇಲ್ಲದವರು ಗ್ಯಾಸ್ಕೆಟ್, ವಿಷಲ್ ತೆಗೆದ ಕುಕ್ಕರ್‌ನಲ್ಲಿ ಉಪ್ಪು ಹರಡಿ ಸಣ್ಣ ಉರಿಯಲ್ಲಿ ಮಾಡಬಹುದು, ಹೊತ್ತು ಹೆಚ್ಚು ಬೇಕು. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಬೆಂದ ಕೇಕಿನ ಒಳಭಾಗ 90 ಡಿಗ್ರಿ ದಾಟಿರುತ್ತದೆ. ಈ ಪದರದ ಮೊಟ್ಟೆಯ ಬಗ್ಗೆ ಯೋಚನೆ ಬೇಡ. ತಣಿದ ಮೇಲೆ 100 ಮಿಲಿಲೀಟರ್ ಕಾಯಿಸಿ ಆರಿಸಿದ ಹಾಲನ್ನು ಚಮಚದಿಂದ ಎಲ್ಲ ಕಡೆ ಚಿಮುಕಿಸಿ.

ನಡುವಿನ ಹೂರಣವೇ ಈ ಸಿಹಿಯ ಜೀವ. ಉಳಿದ 250 ಗ್ರಾಂ ಅಕ್ರೋಟು ಪುಡಿಗೆ 100 ಮಿಲಿಲೀಟರ್ ಕುದಿಯುವ ಹಾಲು ಹಾಕಿ ನೆನೆಯಲು ಬಿಡಿ. ಒಂದು ಕಿತ್ತಳೆಯ ಸಿಪ್ಪೆಯ ಮೇಲ್ಪದರವನ್ನು ತುರಿದುಕೊಳ್ಳಿ. ಬಿಳಿ ಭಾಗ ಕಹಿ, ಅದು ಬೇಡ. ನಮ್ಮ ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡರದೂ ಸಡಿಲ ಸಿಪ್ಪೆ, ಸುಲಿದ ಮೇಲೆ ತುರಿಯಲು ಕೈಗೆ ಸಿಗುವುದಿಲ್ಲ. ತೊಳೆದ ಇಡೀ ಹಣ್ಣನ್ನೇ ತುರಿದು ಆಮೇಲೆ ರಸ ಹಿಂಡಿ. ತುರಿ, ರಸ ಎರಡೂ ಅಕ್ರೋಟಿಗೆ.

ಹಾಲಿಗೆ ಹುಳಿ ಹಣ್ಣು ಸೇರಿದರೆ ವಿಷ ಎಂಬ ಫಾರ್ವರ್ಡ್ ಇಲ್ಲಿ ನೆನಪಾಗಬಹುದು. ಕಿತ್ತಳೆಯ ಹುಳಿಗೆ ಹಾಲಿನ ಪ್ರೋಟೀನ್ ಸ್ವಲ್ಪ ಒಡೆಯುವುದು ನಿಜ. ಆದರೆ ಕುಡಿದ ಹಾಲು ಹೊಟ್ಟೆಯೊಳಗಿನ ಆಮ್ಲಕ್ಕೆ ಹೇಗೂ ಒಡೆಯುತ್ತದೆ, ಅದು ಜೀರ್ಣಕ್ರಿಯೆಯ ಮೊದಲ ಹೆಜ್ಜೆ. ಪನೀರ್ ಮಾಡುವುದೂ ನಿಂಬೆರಸ ಹಿಂಡಿಯೇ. ಅಕ್ರೋಟಿನ ತರಿಯಲ್ಲಿ ಈ ಒಡಕು ಕಣ್ಣಿಗೂ ಕಾಣದು, ನಾಲಗೆಗೂ ಗೊತ್ತಾಗದು.

ಇನ್ನು ನಾಲ್ಕು ಮೊಟ್ಟೆ ಒಡೆಯಿರಿ. ಬಿಳಿ ಭಾಗ ಮೇಲಿನ ನೊರೆಗೆ, ಹಳದಿ ಹೂರಣಕ್ಕೆ. ಹಳದಿಗಳಿಗೆ 120 ಗ್ರಾಂ ಸಕ್ಕರೆ ಸೇರಿಸಿ ಹಬೆಯ ಮೇಲೆ ಕೈಬಿಡದೆ ತಿರುವುತ್ತಾ 75 ಡಿಗ್ರಿ ದಾಟಿಸಿ. ಬಣ್ಣ ತಿಳಿಯಾಗಿ, ಚಮಚದ ಬೆನ್ನಿಗೆ ಮೆತ್ತಿಕೊಳ್ಳುವಷ್ಟು ಮಂದವಾಗುತ್ತದೆ. ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಬಿಸಿ ಇರುವಾಗಲೇ 100 ಗ್ರಾಂ ಕಪ್ಪು ಚಾಕೊಲೇಟ್ ಚೂರು ಹಾಕಿ ಕರಗಿಸಿ, ಅಕ್ರೋಟಿನ ಮಿಶ್ರಣ ಸೇರಿಸಿ, ಪೂರ್ತಿ ತಣಿಸಿ. ಉಪ್ಪಿಲ್ಲದ 150 ಗ್ರಾಂ ಬೆಣ್ಣೆಯನ್ನು ಮೆತ್ತಗಾಗುವವರೆಗೆ ಕಡೆದು ಕೊನೆಯಲ್ಲಿ ಬೆರೆಸಿ. ಆತುರಪಟ್ಟು ಬಿಸಿಯಲ್ಲೇ ಬೆಣ್ಣೆ ಹಾಕಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಹಾಗಾದರೆ ಎಸೆಯಬೇಡಿ, ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ಕಡೆಯಿರಿ, ಕೂಡಿಕೊಳ್ಳುತ್ತದೆ. ಈ ಹೂರಣವನ್ನು ಕೇಕಿನ ಮೇಲೆ ದಪ್ಪಗೆ ಹರಡಿ ಫ್ರಿಜ್‌ಗೆ.

ಮೇಲಿನ ಪದರಕ್ಕೆ ನಾಲ್ಕು ಬಿಳಿ ಭಾಗ, 200 ಗ್ರಾಂ ಸಕ್ಕರೆ, ನಾಲ್ಕು ಹನಿ ನಿಂಬೆರಸ. ಮೇಲೆ ಹೇಳಿದಂತೆ ಹಬೆಯ ಮೇಲೆ 75 ಡಿಗ್ರಿ. ಥರ್ಮಾಮೀಟರಿನ ಕಡ್ಡಿಯನ್ನು ಅಂಚಿನಲ್ಲಿ ಅಲ್ಲ, ನಡುವಿನಲ್ಲಿ ಇಟ್ಟು ನೋಡಿ. ಕಡ್ಡಿಯನ್ನು ಪ್ರತಿ ಸಲ ತೊಳೆದು ಹಾಕಿ. ಹಸಿ ಮೊಟ್ಟೆಗೆ ಅದ್ದಿದ ಕಡ್ಡಿಯನ್ನೇ ಬೆಂದದ್ದಕ್ಕೆ ಅದ್ದಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆಮೇಲೆ ಹಬೆಯಿಂದ ಇಳಿಸಿ ಬೀಟರಿನಿಂದ ಹತ್ತು ನಿಮಿಷದವರೆಗೆ ಕಡೆಯಿರಿ. ಬೋಗುಣಿ ತಣ್ಣಗಾಗಿ, ನೊರೆ ಹೊಳೆಯುತ್ತಾ ಕೊಕ್ಕಿನಂತೆ ನಿಲ್ಲುತ್ತದೆ. ಅದನ್ನು ಹೂರಣದ ಮೇಲೆ ಹಚ್ಚಿ, ಚಮಚದ ಬೆನ್ನಿನಿಂದ ಅಲೆ ಎಬ್ಬಿಸಿ.

ಮೈದಾ ಇಲ್ಲ, ಆದರೆ ಸಕ್ಕರೆ?

ಮೇಲಿನ ಅಳತೆಗಳನ್ನು ಕೂಡಿಸಿ. 80, 120, 200. ಒಟ್ಟು 400 ಗ್ರಾಂ ಸಕ್ಕರೆ. ಹದಿನಾರು ತುಂಡಾದರೆ ತುಂಡಿಗೆ 25 ಗ್ರಾಂ, ಚಾಕೊಲೇಟಿನ ಸಕ್ಕರೆ ಬೇರೆ. ದೊಡ್ಡವರೊಬ್ಬರು ದಿನಕ್ಕೆ ಸೇರಿಸಿಕೊಳ್ಳುವ ಸಕ್ಕರೆ 50 ಗ್ರಾಂ ಮೀರಬಾರದು, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸ್ಥೂಲ ಲೆಕ್ಕ. ಬೆಳಗಿನ ಕಾಫಿಗೂ ಉಳಿಯದ ಹಾಗೆ ಒಂದೇ ತುಂಡು ಆ ಪಾಲನ್ನು ಮುಗಿಸುತ್ತದೆ. ಶಕ್ತಿಯ ಲೆಕ್ಕದಲ್ಲಿ ತುಂಡಿಗೆ ಸುಮಾರು 400 ಕಿಲೋ ಕ್ಯಾಲರಿ. ಅಕ್ರೋಟು ಮತ್ತು ಬೆಣ್ಣೆಯ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ಸ್ವಲ್ಪ ನಿಧಾನವಾದೀತು, ಆದರೆ ಇಲ್ಲವಾಗುವುದಿಲ್ಲ. ಮೈದಾ ಬಿಟ್ಟ ಮಾತ್ರಕ್ಕೆ ಇದು ಮಧುಮೇಹಿಗಳ ತಿಂಡಿ ಆಗದು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ರಕ್ತಕ್ಕೆ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ನೊರೆ ಮಾತ್ರ ಕಂದಾಗುತ್ತದೆ. ಶುಗರ್ ಇರುವ ಅಪ್ಪನಿಗೆ ರುಚಿ ತೋರಿಸಲೇಬೇಕು ಎನಿಸಿದರೆ ತುಂಡನ್ನು ನಾಲ್ಕು ಮಾಡಿ ಒಂದು ಚೂರು, ಊಟದ ಅನ್ನ ಕಡಿಮೆ ಮಾಡಿ ಕೊಡಿ.

ಅಕ್ರೋಟು-ಮೆದುಳಿನ ಮಾತಿಗೆ ಬಂದರೆ, ಆಕಾರ ನೋಡಿ ಔಷಧಿ ಹುಡುಕುವುದು ಹಳೆಯ ಕಾಲದ ಯುರೋಪಿನಲ್ಲೂ ಇತ್ತು. ಆಕಾರದಿಂದ ಏನೂ ಆಗುವುದಿಲ್ಲ. ಅಕ್ರೋಟಿನಲ್ಲಿ ಒಮೆಗಾ-3 ಕೊಬ್ಬು ಇರುವುದು ನಿಜ. ಆದರೆ ಅದು ಸಸ್ಯ ಬಗೆಯದು, ಮೆದುಳು ಬಳಸುವ ಬಗೆಗೆ ನಮ್ಮ ದೇಹ ಅದನ್ನು ಬದಲಿಸಿಕೊಳ್ಳುವುದು ಅತ್ಯಲ್ಪ. ಬಾರ್ಸಿಲೋನಾದಲ್ಲಿ ಮತ್ತು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ 63ರಿಂದ 79 ವರ್ಷದ ಸುಮಾರು 700 ಮಂದಿಯ ಮೇಲೆ ಎರಡು ವರ್ಷ ಒಂದು ಅಧ್ಯಯನ ನಡೆಯಿತು. ಒಂದು ಗುಂಪು ದಿನವೂ ಅಕ್ರೋಟು ತಿಂದಿತು, ಇನ್ನೊಂದು ತಿನ್ನಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆರೋಗ್ಯವಂತ ಹಿರಿಯರ ನೆನಪು, ಯೋಚನಾಶಕ್ತಿಗಳಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿದದ್ದು ಕಂಡಿತು. ಅದೂ ಬರೀ ಅಕ್ರೋಟು ತಿಂದು, 150 ಗ್ರಾಂ ಬೆಣ್ಣೆಯಲ್ಲಿ ಕಲಸಿ ಅಲ್ಲ.

ಅಕ್ರೋಟು, ಗೋಡಂಬಿಗೆ ಅಲರ್ಜಿ ಇರುವವರು ಮನೆಗೆ ಬರುತ್ತಿದ್ದರೆ ಮೊದಲೇ ಕೇಳಿಕೊಳ್ಳಿ. ಪುಡಿಯಾಗಿ ಬೆರೆತ ಅಕ್ರೋಟು ನೋಡಿದರೆ ಗೊತ್ತಾಗುವುದಿಲ್ಲ. ಗೋಡಂಬಿ ಹಾಕಿ ಮಾಡುತ್ತೇವೆ ಎನ್ನುವವರು ಮಾಡಬಹುದು, ರುಚಿ ಬೇರೆಯಾಗುತ್ತದೆ. ಅಕ್ರೋಟಿನ ಸಿಪ್ಪೆಯ ಸಣ್ಣ ಒಗರು ಇಲ್ಲದೆ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಮೊಟ್ಟೆಯೇ ತಿನ್ನದ ಮನೆಗಳಿಗೆ ಇದರ ಎಗ್‌ಲೆಸ್ ಅವತಾರ ಹುಡುಕಬೇಡಿ ಎನ್ನುತ್ತೇವೆ. ಮೂರು ಪದರವನ್ನೂ ನಿಲ್ಲಿಸಿರುವುದೇ ಮೊಟ್ಟೆ. ಅದರ ಬದಲು ಸರ್ಬಿಯನ್ನರ ಉಪವಾಸದ ಸಿಹಿಗಳ ಕಡೆ ನೋಡಿ. ಅವರ ಆರ್ಥೊಡಾಕ್ಸ್ ಚರ್ಚಿನ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ಮೂರೂ ನಿಷಿದ್ಧ. ಅನೇಕ ಮನೆತನಗಳ ಸ್ಲಾವಾ ಬೀಳುವ ಸಂತ ನಿಕೋಲಾಸನ ದಿನ, ಡಿಸೆಂಬರ್ 19, ಆ ಉಪವಾಸದ ನಡುವೆಯೇ ಬರುತ್ತದೆ. ಆ ದಿನ ನೆಂಟರಿಗೆ ಸಿಹಿ ಕೊಡಲೇಬೇಕಲ್ಲ. ಅದಕ್ಕಾಗಿ ‘ಪೊಸ್ನಾ’ ಎಂಬ ಉಪವಾಸದ ಅಡುಗೆಯ ದೊಡ್ಡ ಪರಂಪರೆಯೇ ಇದೆ. ಸಕ್ಕರೆ ಪಾಕದಲ್ಲಿ ಅಕ್ರೋಟು, ಬಿಸ್ಕತ್ತಿನ ಪುಡಿ, ಚಾಕೊಲೇಟ್ ಕಲಸಿ, ತೆಳುವಾದ ವೇಫರ್ ಹಾಳೆಗಳ ನಡುವೆ ಹಚ್ಚಿ, ಭಾರ ಇಟ್ಟು ಒತ್ತಿ, ಚೌಕ ಚೌಕವಾಗಿ ಕತ್ತರಿಸುವ ‘ಒಬ್ಲಾಂಡೆ’ ಅದರಲ್ಲಿ ಒಂದು. ಒಲೆಯ ಕೆಲಸ ಪಾಕಕ್ಕಷ್ಟೇ, ಮೊಟ್ಟೆಯ ಚಿಂತೆ ಪೂರಾ ಇಲ್ಲ.

ಟೋರ್ಟಾ ಕತ್ತರಿಸುವಾಗ ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಬಿಳಿ ಪದರ ಚಾಕುವಿಗೆ ಅಂಟಿ ಕಿತ್ತುಬರುತ್ತದೆ. ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಫ್ರಿಜ್‌ನಲ್ಲಿ ಮುಚ್ಚಿಟ್ಟು ಮೂರು ದಿನದೊಳಗೆ ಮುಗಿಸಿ. ಎರಡನೆಯ ದಿನ ಬಿಳಿ ಪದರದ ಕೆಳಗೆ ಸಕ್ಕರೆಯ ನೀರು ಕಣ್ಣೀರಿನಂತೆ ಜಿನುಗಿದರೆ ಗಾಬರಿಯಾಗಬೇಡಿ, ಕೆಟ್ಟಿದ್ದಲ್ಲ, ನೊರೆ ಬಿಡುತ್ತಿರುವ ನೀರು ಅದು.